ಹಳೆಯ ಚಿಕ್ಕ ಕಾರು ಮತ್ತು ಪೆಟ್ರೋಲಿನ ಲೆಕ್ಕ

(ಸಂಘದ ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣದ ಪಾಠ)



ಹಳೆಯ ಕಾರಿನ ಪೆಟ್ರೋಲು ಖರ್ಚಿನ ವಿಷಯವಾಗಿ ನಾನು ಮಾತನಾಡುತ್ತೇನೆಂದು ಹೊರಗಿನ ಹಲಗೆಯ ಮೇಲೆ ಬರೆದಿದ್ದಾರೆ. ಲೋಕಲ್ ರೈಲಿನ ಪಾಸಿಗೇ ದುಡ್ಡು ಹೊಂದಿಸುವ ನಮಗೆ ಕಾರಿನ ಚಿಂತೆ ಏಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಕಾರು ನಮ್ಮದಲ್ಲ. ಆದರೆ ಅದನ್ನು ಓಡಿಸುವವರಲ್ಲಿ, ತೊಳೆಯುವವರಲ್ಲಿ, ಅದಕ್ಕೆ ಎಣ್ಣೆ ಹಾಕಿಸಿ ಚೀಟಿ ತರುವವರಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಪೆಟ್ರೋಲಿನ ಲೆಕ್ಕ ತಾಳೆಯಾಗದಿದ್ದರೆ ಪಗಾರದಿಂದ ಮುರಿಯುವುದು ಅವರದನ್ನು. ಕಳ್ಳನೆಂಬ ಹೆಸರು ಬರುವುದೂ ಅವರಿಗೇ.

ಈ ಮುರಿಯುವ ಪದ್ಧತಿ ನಮಗೆ ಹೊಸತಲ್ಲ. ಹಿಂದೆ ಇದೇ ಮುಂಬಯಿಯ ಗಿರಣಿಗಳಲ್ಲಿ ನೇಯ್ಗೆಯಲ್ಲಿ ದೋಷ ಕಂಡ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ, ಅದರ ಬೆಲೆಯನ್ನು ಅವನ ಪಗಾರದಿಂದ ಹಿಡಿಯುತ್ತಿದ್ದರು. ನೂಲು ಕೆಟ್ಟದೋ, ಮಗ್ಗ ಕೆಟ್ಟದೋ, ಕೈ ಕೆಟ್ಟದೋ ಎಂದು ನೋಡುವವರಿರಲಿಲ್ಲ. ಹೋಟೆಲಿನಲ್ಲಿ ಗ್ಲಾಸು ಒಡೆದರೆ ಏನಾಗುತ್ತದೆಂದು ನಮ್ಮ ಮಾಣಿಗಳನ್ನು ಕೇಳಿರಿ. ಲೆಕ್ಕ ಗೊತ್ತಿಲ್ಲದವನ ಮೇಲೆ ಲೆಕ್ಕ ಹೇರುವುದು ಸುಲಭ. ಆದ್ದರಿಂದಲೇ ಈ ಲೆಕ್ಕವನ್ನು ನಾವು ಕಲಿಯಬೇಕಾಗಿದೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ ಮಾತ್ರ. ನನಗೆ ಅರ್ಥವಾದದ್ದು ನಿಮಗೆ ಅರ್ಥವಾಗದೆ ಇರದು.

ಎರಡು ಊರು, ಎರಡು ಗಾಡಿ

ಈ ಸಂಘದ ಕೆಲಸಕ್ಕೆ ಬರುವ ಮೊದಲು ನಾನು ಕೊಚ್ಚಿಯ ಎರ್ನಾಕುಲಂ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಆರು ವರ್ಷ ಇದ್ದೆ. ಆಗಿನ ಜೊತೆಗಾರನೊಬ್ಬ ಮಂಜೇಶ್ವರದ ಕಡೆಯವನು. ಅವನು ಈಗ ತಿರುವನಂತಪುರದಲ್ಲಿ ಬೇರೊಬ್ಬ ಹೋಟೆಲು ಮಾಲಕರ ಗಾಡಿ ಓಡಿಸುತ್ತಾನೆ. ಕಳೆದ ವರ್ಷ ಅವನಿಂದ ಫೋನು ಬಂತು. "ಅಣ್ಣಾ, ನಾನು ಒಂದು ತೊಟ್ಟು ಎಣ್ಣೆ ತೆಗೆದವನಲ್ಲ. ಆದರೆ ಧನಿಗಳಿಗೆ ಹೇಗೆ ಹೇಳುವುದು? ಲೆಕ್ಕ ಅವರ ಕೈಯಲ್ಲಿ ಉಂಟು" ಎಂದ.

ವಿಷಯ ಹೀಗಿತ್ತು. ಆ ಮಾಲಕರಿಗೆ ಕೊಚ್ಚಿಯಲ್ಲಿ ಒಂದು ಹೋಟೆಲು, ತಿರುವನಂತಪುರದಲ್ಲಿ ಒಂದು ಹೋಟೆಲು. ಹಳೆಯ ಗಾಡಿಗಳೆಂದರೆ ಅವರಿಗೆ ಬಹಳ ಪ್ರೀತಿ. ಎರಡು ಊರಿನ ಮನೆಗಳಲ್ಲಿಯೂ ಒಂದೊಂದು ಪ್ರೀಮಿಯರ್ ಪದ್ಮಿನಿ ಇಟ್ಟಿದ್ದಾರೆ. ಎರಡೂ 1980ರ ದಶಕದವು, ಎರಡಕ್ಕೂ 1089 ಸಿ.ಸಿ. ಎಂಜಿನು, ಎರಡೂ ನೋಡಲು ಅವಳಿ ಮಕ್ಕಳಂತೆ. ಕೊಚ್ಚಿಯ ಗಾಡಿ ಲೀಟರಿಗೆ 13 ಕಿಲೋಮೀಟರು ಓಡುತ್ತಿತ್ತು. ತಿರುವನಂತಪುರದ ಗಾಡಿ ಒಂಬತ್ತೂವರೆ. "ಒಂದೇ ಕಂಪೆನಿ, ಒಂದೇ ಎಂಜಿನು. ಉಳಿದ ಮೂರೂವರೆ ಎಲ್ಲಿಗೆ ಹೋಯಿತು?" ಎಂದು ಮಾಲಕರು ಕೇಳಿದರು. ಉತ್ತರ ಬರಲಿಲ್ಲ. ಆ ತಿಂಗಳಿಂದ ಪಗಾರದಲ್ಲಿ ಮುರಿತ ಶುರುವಾಯಿತು.

ಎಷ್ಟು ಮುರಿತ? ತಿಂಗಳಿಗೆ ಸುಮಾರು 600 ಕಿಲೋಮೀಟರು ಓಟ. ಲೀಟರಿಗೆ 13ರಂತೆ ಬೇಕಾಗುವುದು 46 ಲೀಟರು. ಒಂಬತ್ತೂವರೆಯಂತೆ ಖರ್ಚಾದದ್ದು 63 ಲೀಟರು. ಅಂತರ 17 ಲೀಟರು. ಲೀಟರಿಗೆ ಬರೀ ನೂರು ರೂಪಾಯಿ ಹಿಡಿದರೂ ತಿಂಗಳಿಗೆ 1,700 ರೂಪಾಯಿ. ಮೂರು ತಿಂಗಳಲ್ಲಿ 5,100 ರೂಪಾಯಿ ಹೋಯಿತು. ಊರಲ್ಲಿ ಅವನ ತಾಯಿಗೆ ಪ್ರತಿ ತಿಂಗಳು ಔಷಧಕ್ಕೆ ಕಳಿಸುತ್ತಿದ್ದ ಹಣವೂ ಸುಮಾರು ಇಷ್ಟೇ.

ಮಾಲಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಪ್ರಶ್ನೆ ಕೇಳಲು ಸರಿಯಾಗಿಯೇ ಇತ್ತು. ಆದರೆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ಶಿಕ್ಷೆ ಕೊಟ್ಟದ್ದು ತಪ್ಪು. ಆ ಉತ್ತರ ಹುಡುಕಲು ಮೊದಲು ಈ ಚಿಕ್ಕ ಗಾಡಿಗಳ ಹುಟ್ಟನ್ನೂ ಗುಣವನ್ನೂ ತಿಳಿಯಬೇಕು.

ಚಿಕ್ಕ ಕಾರು ಏಕೆ ಹುಟ್ಟಿತು

ಚಿಕ್ಕ ಕಾರು ಹುಟ್ಟಿದ್ದು ಚಿಕ್ಕ ಕಿಸೆಗಾಗಿ. ಬ್ರಿಟನಿನಲ್ಲಿ 1922ರಲ್ಲಿ ಆಸ್ಟಿನ್ ಸೆವೆನ್ ಬಂತು. ಅದರ ಎಂಜಿನು ಬೇಗನೆ 747 ಸಿ.ಸಿ.ಗೆ ನಿಂತಿತು. ಇಟಲಿಯಲ್ಲಿ 1936ರಲ್ಲಿ ಫಿಯಟ್ ಕಂಪೆನಿಯವರು 569 ಸಿ.ಸಿ.ಯ ಒಂದು ಪುಟ್ಟ ಗಾಡಿ ಮಾಡಿದರು. ಜನ ಅದನ್ನು ಪ್ರೀತಿಯಿಂದ ಇಲಿಮರಿ ಎಂದು ಕರೆದರು. 1956ರಲ್ಲಿ ಸುಯೆಜ್ ಕಾಲುವೆಯ ಗಲಾಟೆಯಾಗಿ ಬ್ರಿಟನಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಕಡಿಮೆ ಕುಡಿಯುವ ಗಾಡಿ ಬೇಕೆಂಬ ಕೂಗೆದ್ದಿತು. ಅದರ ಫಲವಾಗಿ 1959ರಲ್ಲಿ 848 ಸಿ.ಸಿ.ಯ ಮಿನಿ ಬಂತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆಹಿಡಿದು, ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಗೆ ಸುಮಾರು 3 ಡಾಲರಿನಿಂದ ಸುಮಾರು 12 ಡಾಲರಿಗೆ ಏರಿದಾಗ, ದೊಡ್ಡ ಗಾಡಿಗಳ ದೇಶವಾದ ಅಮೆರಿಕವೂ ಚಿಕ್ಕ ಗಾಡಿಯ ಕಡೆಗೆ ತಿರುಗಿ ನೋಡಿತು.

ನಮ್ಮ ದೇಶದಲ್ಲಿ ಕೇರಳದ ಕಥೆ ಕೇಳತಕ್ಕದ್ದು. 1966ರಲ್ಲಿ ಕೊಚ್ಚಿಯ ಹತ್ತಿರ ಅಂಬಲಮುಗಳ್ ಎಂಬಲ್ಲಿ ಎಣ್ಣೆ ಶುದ್ಧೀಕರಣದ ಕಾರಖಾನೆ ಕೆಲಸ ಆರಂಭಿಸಿತು. ಆಗ ಅದರ ಶಕ್ತಿ ವರ್ಷಕ್ಕೆ 25 ಲಕ್ಷ ಟನ್ನು. ಈಗ 155 ಲಕ್ಷ ಟನ್ನು. ಅದೇ 1966ರಲ್ಲಿ, ಅದೇ ರಾಜ್ಯದ ರಾಜಧಾನಿ ತಿರುವನಂತಪುರದಲ್ಲಿ, ಅರವಿಂದ್ ಆಟೋಮೊಬೈಲ್ಸ್ ನಡೆಸುತ್ತಿದ್ದ ಕೆ. ಎ. ಬಾಲಕೃಷ್ಣ ಮೇನೋನರು ಒಂದು ಕಾರು ಕಟ್ಟಿ ನಿಲ್ಲಿಸಿದರು. ಅದರ ಹೆಸರು ಅರವಿಂದ್ ಬೇಬಿ. ಐದು ಸಾವಿರ ರೂಪಾಯಿಗೆ ಜನಸಾಮಾನ್ಯರಿಗೆ ಕಾರು ಕೊಡಬೇಕೆಂಬುದು ಅವರ ಆಸೆ. ಆಗ ಪೇಟೆಯಲ್ಲಿದ್ದ ಫಿಯಟ್, ಅಂಬಾಸಡರ್‌ಗಳ ಬೆಲೆ ಅದರ ಎರಡು ಪಟ್ಟಿಗೂ ಮೇಲೆ. ದುಡ್ಡಿದ್ದರೂ ವರ್ಷಗಟ್ಟಲೆ ಕಾಯಬೇಕಾಗಿತ್ತು. ಮೇನೋನರಿಗೆ ಕಾರು ತಯಾರಿಸಿ ಮಾರುವ ಪರವಾನಗಿ ಕೊನೆಗೂ ಸಿಗಲಿಲ್ಲ. 1970ರಲ್ಲಿ ಚಿಕ್ಕ ಕಾರಿನ ಅನುಮತಿ ಸಂಜಯ ಗಾಂಧಿಯವರಿಗೆ ಹೋಯಿತು. ಆ ಮಾರುತಿ ನಿಜವಾಗಿ ಜನರ ಕೈಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ಅದೂ ಜಪಾನಿನ ಸುಝುಕಿ ಕಂಪೆನಿಯ 796 ಸಿ.ಸಿ. ಎಂಜಿನಿನೊಂದಿಗೆ. ನಮ್ಮ ಬೆಂಗಳೂರಿನಲ್ಲಿಯೂ ಸಿಪಾನಿಯವರು 1980ರ ದಶಕದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರು ಮಾಡಿದರು. ಅದರ ಮೈ ಫೈಬರಿನದು, ಎಂಜಿನು 848 ಸಿ.ಸಿ. ಅದೂ ಬಹಳ ದಿನ ನಿಲ್ಲಲಿಲ್ಲ.

ಇನ್ನು ನಮ್ಮ ಪದ್ಮಿನಿ. ಅದು ಈ ಮುಂಬಯಿಯದೇ ಮಗಳು. ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ 1950ರ ದಶಕದಲ್ಲಿ ಫಿಯಟ್ 1100 ಎಂದು ಆರಂಭವಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಕಪ್ಪು ಹಳದಿ ಟ್ಯಾಕ್ಸಿಯಾಗಿ ಇಲ್ಲಿಯ ಬೀದಿಗಳಲ್ಲಿ ದಶಕಗಳ ಕಾಲ ದುಡಿಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ ಇಲ್ಲಿ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರಿನಲ್ಲಿ ಅದರ ಓಟ ಮುಗಿಯಿತು.

ಈ ಚಿಕ್ಕ ಗಾಡಿಗಳೆಲ್ಲ ಕಡಿಮೆ ಕುಡಿಯುವುದಕ್ಕೆ ಮೊದಲ ಕಾರಣ ತೂಕ. ಪದ್ಮಿನಿ ಸುಮಾರು 900 ಕಿಲೋ. ಮಾರುತಿ 800 ಸುಮಾರು 650 ಕಿಲೋ. ಅಂಬಾಸಡರ್ 1,100 ಕಿಲೋಗೂ ಮೇಲೆ. ಅಕ್ಕಿ ಮೂಟೆ ಹೊತ್ತವನಿಗೂ ಬರಿಗೈಯವನಿಗೂ ಮೆಟ್ಟಲು ಹತ್ತುವಾಗ ಉಸಿರು ಒಂದೇ ರೀತಿ ಇರುವುದೇ? ಗಾಡಿಗೂ ಹಾಗೆಯೇ.

ಪೆಟ್ರೋಲು ಎಲ್ಲಿಗೆ ಹೋಗುತ್ತದೆ

ಹೋಟೆಲಿನ ಅಡಿಗೆ ಮನೆಯಲ್ಲಿ ನಿಂತವರಿಗೆ ಇದನ್ನು ಹೇಳುವುದು ಸುಲಭ. ಒಲೆಗೆ ಹಾಕಿದ ಉರಿಯೆಲ್ಲ ಅನ್ನಕ್ಕೆ ಹೋಗುವುದಿಲ್ಲ. ಅರ್ಧಕ್ಕರ್ಧ ಗೋಡೆಗೆ, ಗಾಳಿಗೆ, ಭಟ್ಟರ ಮೈಗೆ ಹೋಗುತ್ತದೆ. ಕಾರಿನ ಎಂಜಿನಿನಲ್ಲಿ ಇನ್ನೂ ಹೆಚ್ಚು ನಷ್ಟ. ನಾಲ್ಕು ರೂಪಾಯಿಯ ಪೆಟ್ರೋಲು ಸುಟ್ಟರೆ ಚಕ್ರಕ್ಕೆ ತಲಪುವುದು ಹೆಚ್ಚೆಂದರೆ ಒಂದು ರೂಪಾಯಿಯ ಶಕ್ತಿ. ಉಳಿದದ್ದು ರೇಡಿಯೇಟರಿನ ಬಿಸಿಯಾಗಿ, ಹೊಗೆ ಕೊಳವೆಯ ಬಿಸಿಯಾಗಿ ಹೋಗಿಬಿಡುತ್ತದೆ.

ಪಂಪು ಸ್ಟೋವಿನ ಉರಿ ನೀಲಿಯಿದ್ದರೆ ಒಳ್ಳೆಯದು. ಹಳದಿಯಾದರೆ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ಎಣ್ಣೆ ದಂಡ. ಕಾರಿನಲ್ಲಿ ಈ ಕೆಲಸ ಕಾರ್ಬುರೇಟರಿನದು. ಒಂದು ತೂಕ ಪೆಟ್ರೋಲಿಗೆ ಸುಮಾರು 15 ತೂಕ ಗಾಳಿ ಸೇರಿದರೆ ಸರಿಯಾಗಿ ಉರಿಯುತ್ತದೆ. ಗಾಳಿಯ ಸೋಸುಕ ಧೂಳು ಕಟ್ಟಿದ್ದರೆ, ಒಳಗಿನ ತೇಲುಬುರುಡೆ ಹೆಚ್ಚು ಎಣ್ಣೆ ಬಿಡುತ್ತಿದ್ದರೆ, ಚೋಕ್ ಎಳೆದದ್ದು ಪೂರ್ತಿ ಹಿಂದೆ ಹೋಗದಿದ್ದರೆ, ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗುತ್ತದೆ. ಆಗ ಹೊಗೆ ಕಪ್ಪು, ಪ್ಲಗ್ಗಿನ ತುದಿಯೂ ಕಪ್ಪು. ಈಗಿನ ಗಾಡಿಗಳಲ್ಲಿ ಇದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಹಳೆಯ ಗಾಡಿಯಲ್ಲಿ ಮೆಕ್ಯಾನಿಕನ ಕಿವಿ ಮತ್ತು ಕೈಯೇ ನೋಡಿಕೊಳ್ಳಬೇಕು.

ಎರಡನೆಯದು ಏರು. ನಮ್ಮ ರಾತ್ರಿ ಶಾಲೆಯ ಮಾಸ್ತರರಿಂದ ಒಂದು ಲೆಕ್ಕ ಮಾಡಿಸಿದೆ. ಜನರನ್ನೂ ಸೇರಿಸಿ 1,000 ಕಿಲೋ ತೂಕದ ಗಾಡಿಯನ್ನು 30 ಮೀಟರು ಎತ್ತರಕ್ಕೆ ಏರಿಸಲು, ಸಮರಸ್ತೆಯ ಖರ್ಚಿನ ಮೇಲೆ, ಇನ್ನೂ 35ರಿಂದ 40 ಮಿಲಿಲೀಟರು ಪೆಟ್ರೋಲು ಬೇಕು. ಇಳಿಯುವಾಗ ಅದರಲ್ಲಿ ಸ್ವಲ್ಪ ಮರಳಿ ಸಿಗಬಹುದು. ಆದರೆ ಪೇಟೆಯ ಇಳಿಜಾರಿನಲ್ಲಿ ಬ್ರೇಕು ಹಾಕುತ್ತಲೇ ಇಳಿಯುತ್ತೇವೆ, ಆದ್ದರಿಂದ ಅದೂ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಮೂರನೆಯದು ನಿಲ್ಲುವುದು. ಪೂರ್ತಿ ನಿಂತ ಅದೇ ಗಾಡಿಯನ್ನು ಮತ್ತೆ ಗಂಟೆಗೆ 50 ಕಿಲೋಮೀಟರು ವೇಗಕ್ಕೆ ತರಲು ಪ್ರತಿ ಸಲ ಸುಮಾರು 12 ಮಿಲಿಲೀಟರು. ಒಂದು ಫೇರಿಯಲ್ಲಿ ಹತ್ತು ಸಿಗ್ನಲ್ಲು ಸಿಕ್ಕಿದರೆ ಎಷ್ಟಾಯಿತೆಂದು ನೀವೇ ಕೂಡಿಸಿರಿ. ಎಂಜಿನು ಚಾಲೂ ಇಟ್ಟು ಸುಮ್ಮನೆ ಕಾಯುತ್ತ ನಿಂತರೆ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಖರ್ಚು.

ನಾಲ್ಕನೆಯದು ತಣ್ಣಗಿನ ಎಂಜಿನು. ಬೆಳಿಗ್ಗೆ ಮೊದಲ ದೋಸೆಗೆ ಕಾವಲಿ ಕಾಯಲು ಎಷ್ಟು ಉರಿ ಬೇಕು, ಹತ್ತನೆಯ ದೋಸೆಗೆ ಎಷ್ಟು ಸಾಕು? ಎಂಜಿನಿನ ಸ್ವಭಾವವೂ ಅದೇ. ಮೂರು ಕಿಲೋಮೀಟರು ಹೋಗಿ ಒಂದು ಗಂಟೆ ನಿಂತು, ಮತ್ತೆ ಮೂರು ಕಿಲೋಮೀಟರು ಓಡುವ ಗಾಡಿಗೆ ಕಾವಲಿ ಕಾಯುವುದರಲ್ಲಿಯೇ ದಿನ ಮುಗಿಯುತ್ತದೆ.

ಈಗ ಆ ಎರಡು ಊರುಗಳನ್ನು ನೋಡಿರಿ. ಕೊಚ್ಚಿ ಸಮುದ್ರ ಮಟ್ಟದ ಸಮನೆಲ. ಅಲ್ಲಿಯ ಚಾಲಕ ಬೆಳಿಗ್ಗೆ ಐದಕ್ಕೆ ಆಲುವಾ ಕಡೆಯ ಮನೆಯಿಂದ ಹೊರಟು, ಬೀದಿ ಖಾಲಿಯಿರುವಾಗಲೇ 20 ಕಿಲೋಮೀಟರು ಒಂದೇ ಓಟದಲ್ಲಿ ಎರ್ನಾಕುಲಂ ಸೇರುತ್ತಿದ್ದ. ರಾತ್ರಿ ಗಲ್ಲೆ ಮುಚ್ಚಿದ ಮೇಲೆ ಅದೇ ದಾರಿಯಲ್ಲಿ ವಾಪಸು. ತಿರುವನಂತಪುರವನ್ನು ಏಳು ಗುಡ್ಡಗಳ ಊರೆಂದು ಕರೆಯುತ್ತಾರೆ. ಏರಿದರೆ ಇಳಿಯಬೇಕು, ಇಳಿದರೆ ಏರಬೇಕು. ನಮ್ಮ ಮಂಜೇಶ್ವರದ ತಮ್ಮ ಮನೆಯಿಂದ ಚಾಲ ಮಾರುಕಟ್ಟೆಗೆ ತರಕಾರಿಗೆ, ಅಲ್ಲಿಂದ ಹೋಟೆಲಿಗೆ, ಮಕ್ಕಳನ್ನು ಶಾಲೆಗೆ, ಅಮ್ಮನವರನ್ನು ದೇವಸ್ಥಾನಕ್ಕೆ, ಹೀಗೆ ಮೂರು ನಾಲ್ಕು ಕಿಲೋಮೀಟರಿನ ಹತ್ತು ಫೇರಿ ಹೊಡೆಯುತ್ತಿದ್ದ. ಗಾಡಿ ಎರಡೂ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ.

ಪುಸ್ತಕದ ಅಂಕೆಯ ಮೋಸ

ಮಾಲಕರು ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯ ಪುಟವನ್ನೂ ತೋರಿಸಿದ್ದರು. ಅದರಲ್ಲಿ ಗ್ಯಾಲನಿಗೆ ಇಷ್ಟು ಮೈಲು ಎಂದು ಬರೆದಿತ್ತು. ಇದನ್ನೂ ತಿಳಿದುಕೊಳ್ಳಿರಿ. ಗ್ಯಾಲನಿನಲ್ಲಿ ಎರಡು ಜಾತಿ ಉಂಟು. ಬ್ರಿಟಿಷ್ ಗ್ಯಾಲನ್ ಎಂದರೆ 4.546 ಲೀಟರು. ಅಮೆರಿಕದ ಗ್ಯಾಲನ್ 3.785 ಲೀಟರು. ಬ್ರಿಟಿಷ್ ಗ್ಯಾಲನಿಗೆ 30 ಮೈಲು ಎಂದರೆ ಲೀಟರಿಗೆ 10.6 ಕಿಲೋಮೀಟರು. ಅದೇ 30 ಮೈಲು ಅಮೆರಿಕದ ಗ್ಯಾಲನಿಗೆ ಆದರೆ 12.8 ಕಿಲೋಮೀಟರು. ಯಾವ ಗ್ಯಾಲನೆಂದು ನೋಡದೆ ಲೆಕ್ಕ ಹಾಕಿದರೆ ಲೀಟರಿಗೆ ಎರಡು ಕಿಲೋಮೀಟರು ಕಾಗದದ ಮೇಲೆಯೇ ಕಳವಾಗುತ್ತದೆ! ಅದಲ್ಲದೆ ಅಂಥ ಅಂಕೆಗಳಲ್ಲಿ ಹಲವು, ಹೊಸ ಗಾಡಿಯನ್ನು ಸಮರಸ್ತೆಯ ಮೇಲೆ, ಹಗುರವಾಗಿ, ಒಂದೇ ವೇಗದಲ್ಲಿ ಓಡಿಸಿ ಪಡೆದವು. ನಲವತ್ತು ವರ್ಷ ದುಡಿದ ಎಂಜಿನಿನಿಂದ ಅದನ್ನು ಕೇಳುವುದು, ನಿವೃತ್ತ ಗಿರಣಿ ಕಾರ್ಮಿಕನಿಂದ ಇಪ್ಪತ್ತರ ಹರೆಯದ ಪಾಳಿ ಕೇಳಿದಂತೆ.

ಪರೀಕ್ಷೆ ಮಾಡಿದ್ದು ಹೇಗೆ

ನಾನು ಹೋಗಿ ಮಾಲಕರನ್ನು ಕಂಡೆ. ಜಗಳಕ್ಕೆ ಹೋಗಲಿಲ್ಲ. "ಧನಿಗಳೇ, ಗಾಡಿಯೂ ಅದೇ, ಚಾಲಕನೂ ಅವನೇ ಇರಲಿ. ರಸ್ತೆಯನ್ನು ಮಾತ್ರ ಬದಲಿಸಿ ನೋಡೋಣ. ನಿಮ್ಮ ಕಡೆಯ ಒಬ್ಬರು ಜೊತೆಗಿರಲಿ" ಎಂದೆ. ಅವರು ಒಪ್ಪಿದರು. ಅದು ಅವರ ದೊಡ್ಡತನ.

ತಿರುವನಂತಪುರದ ಹೊರಗಿನ ಒಂದು ಪಂಪಿನಲ್ಲಿ ಟ್ಯಾಂಕಿಯ ಬಾಯಿವರೆಗೆ ಪೆಟ್ರೋಲು ತುಂಬಿಸಿದೆವು. ಕೊಲ್ಲಂ, ಆಲಪ್ಪುಳ ಮಾರ್ಗವಾಗಿ ಕೊಚ್ಚಿಗೆ ಹೊರಟೆವು. ಅದು 66ನೆಯ ರಾಷ್ಟ್ರೀಯ ಹೆದ್ದಾರಿ. ನಮ್ಮ ಪನವೇಲಿನಿಂದ ಹೊರಟು, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡುಗಳ ಮೇಲೆ ಕನ್ಯಾಕುಮಾರಿಗೆ ಹೋಗುವ ರಸ್ತೆಯೇ ಅದು. ನಮ್ಮಲ್ಲಿ ಅರ್ಧ ಜನ ಊರಿಗೆ ಬಸ್ಸಿನಲ್ಲಿ ಹೋಗುವುದು ಅದರ ಮೇಲೆಯೇ. ಕರಾವಳಿಯ ಸಮನೆಲ, ಕೆಲಸ ನಡೆಯುತ್ತಿದ್ದ ಕಡೆ ನಿಧಾನ, ಉಳಿದ ಕಡೆ ಗಂಟೆಗೆ 50ರಿಂದ 55ರ ಒಂದೇ ವೇಗ. ಹಳೆಯ ಗಾಡಿಯ ಕಿಲೋಮೀಟರು ಮುಳ್ಳನ್ನು ನಂಬಬಾರದೆಂದು ದಾರಿಯ ಕಲ್ಲುಗಳನ್ನು ಎಣಿಸಿ ತಾಳೆ ನೋಡಿದೆವು. ಕೊಚ್ಚಿ ಸೇರಿದ ಮೇಲೆ ಮತ್ತೆ ಬಾಯಿವರೆಗೆ ತುಂಬಿಸಿದೆವು. ಓಡಿದ್ದು 196 ಕಿಲೋಮೀಟರು, ಹಿಡಿದದ್ದು 14 ಲೀಟರು. ಲೀಟರಿಗೆ ಸರಿಯಾಗಿ 14 ಬಂತು.

ಕಳ್ಳನೆಂದು ಹೆಸರು ಹೊತ್ತ ಅದೇ ಚಾಲಕ, ಅದೇ ಗಾಡಿ, ಕೊಚ್ಚಿಯ ಗಾಡಿಗಿಂತ ಒಂದು ಕಿಲೋಮೀಟರು ಹೆಚ್ಚೇ ಓಡಿಸಿ ತೋರಿಸಿದ. ಅವನು ಏನೂ ಹೇಳಲಿಲ್ಲ. ಪಂಪಿನವನು ಕೊಟ್ಟ ಚೀಟಿಯನ್ನು ಎರಡು ಸಲ ಮಡಿಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ತಿರುಗಿ ಬಂದ ಮೇಲೆ ಮೆಕ್ಯಾನಿಕನ ಹತ್ತಿರ ಗಾಡಿ ಬಿಚ್ಚಿಸಿದೆವು. ಹಿಂದಿನ ಒಂದು ಚಕ್ರದ ಬ್ರೇಕು ಅರೆಬರೆ ಹಿಡಿದುಕೊಂಡೇ ಇತ್ತು. ಗಾಳಿಯ ಸೋಸುಕ ಕರ್ರಗೆ. ಚೋಕಿನ ತಂತಿ ಪೂರ್ತಿ ಹಿಂದೆ ಹೋಗುತ್ತಿರಲಿಲ್ಲ. ಚಕ್ರಗಳಲ್ಲಿ ಗಾಳಿ ಕಡಿಮೆ. ಇವನ್ನೆಲ್ಲ ಸರಿಪಡಿಸಿದ ಮೇಲೆ ಅದೇ ಏಳು ಗುಡ್ಡಗಳ ಊರಿನಲ್ಲಿ, ಅದೇ ಚಿಕ್ಕ ಚಿಕ್ಕ ಫೇರಿಗಳಲ್ಲಿ, ಒಂಬತ್ತೂವರೆ ಇದ್ದದ್ದು 11ಕ್ಕೆ ಬಂತು. ಅದಕ್ಕಿಂತ ಮೇಲೆ ಅದು ಹೋಗದು, ಹೋಗಬೇಕಾಗಿಯೂ ಇಲ್ಲ. ಮಾಲಕರು 5,100 ರೂಪಾಯಿಯನ್ನು ಮುಂದಿನ ಪಗಾರದಲ್ಲಿ ಸೇರಿಸಿ ಕೊಟ್ಟರು. ಒಂದು ಕಾಲಕ್ಕೆ ಅದೇ ಊರಿನಲ್ಲಿ ಒಬ್ಬರು ಒಂದು ಇಡೀ ಕಾರಿಗೆ ಇಟ್ಟ ಬೆಲೆ ಹೆಚ್ಚು ಕಡಿಮೆ ಅಷ್ಟೇ ಎಂದು ನಾನು ಹೇಳಿದಾಗ ಅವರಿಗೂ ನಗು ಬಂತು.

ಪೆಟ್ರೋಲೇ ಬದಲಾಗಿದೆ

ಇನ್ನೊಂದು ಮಾತು ಗಮನದಲ್ಲಿರಲಿ. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಎಲ್ಲ ಕಡೆ ಹರಡಿತು. ಎಥನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆಯುವ ಸ್ಪಿರಿಟ್ಟು. ಲೀಟರಿಗೆ ಲೀಟರು ಹಿಡಿದರೆ ಅದರಲ್ಲಿ ಪೆಟ್ರೋಲಿನ ಮೂರನೆಯ ಎರಡು ಪಾಲು ಶಾಖ ಮಾತ್ರ ಇದೆ. ಇದಕ್ಕಾಗಿ ಮಾಡದ ನಾಲ್ಕು ಚಕ್ರದ ಗಾಡಿಗಳಲ್ಲಿ ಓಟ ನೂರಕ್ಕೆ 6ರಿಂದ 7ರಷ್ಟು ಕುಗ್ಗಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಅಂದರೆ 13 ಓಡುತ್ತಿದ್ದ ಗಾಡಿ ಚಾಲಕನ ತಪ್ಪಿಲ್ಲದೆಯೇ 12ರ ಹತ್ತಿರಕ್ಕೆ ಇಳಿಯುತ್ತದೆ. ಹಳೆಯ ಅಂಕೆ ಹಿಡಿದು ಹೊಸ ಪೆಟ್ರೋಲಿನ ಲೆಕ್ಕ ಕೇಳಬಾರದು. ಅದಕ್ಕಿಂತ ಮುಖ್ಯ, ಹಳೆಯ ಗಾಡಿಯ ರಬ್ಬರು ಕೊಳವೆಗಳನ್ನು ಎಥನಾಲ್ ಕೆಡಿಸುತ್ತದೆ. ಕೊಳವೆ ಬಿರಿದು ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿಯ ಭಯ. ಆ ಕೊಳವೆಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿರೆಂದು ಚಾಲಕರು ಮಾಲಕರಿಗೆ ಮೊದಲೇ ಹೇಳಿಬಿಡಬೇಕು. ಗಾಡಿಯಲ್ಲಿ ಕೂರುವ ಜೀವ ಮೊದಲು ನಮ್ಮದು.

ಕಾನೂನು ಏನು ಹೇಳುತ್ತದೆ

ಪಗಾರದಿಂದ ಮುರಿಯಲು ಮಾಲಕರಿಗೆ ಮನಸ್ಸು ಬಂದರೆ ಸಾಲದು. ಕಾರ್ಮಿಕನ ವಶಕ್ಕೆ ಕೊಟ್ಟ ವಸ್ತು ನಷ್ಟವಾಗಿದ್ದು, ಆ ನಷ್ಟ ಅವನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ಆಗಿದ್ದರೆ ಮಾತ್ರ ಮುರಿಯಬಹುದು. ಅದಕ್ಕೂ ಮೊದಲು ಅವನ ಸಮಜಾಯಿಷಿ ಕೇಳಲೇಬೇಕು. ಮುರಿದದ್ದು ಆದ ನಷ್ಟಕ್ಕಿಂತ ಹೆಚ್ಚಿರಬಾರದು. 1936ರ ವೇತನ ಪಾವತಿ ಕಾಯಿದೆಯಲ್ಲಿ ಬಂದ ಈ ನಿಯಮವನ್ನು 2019ರ ವೇತನ ಸಂಹಿತೆಯಲ್ಲಿಯೂ ಉಳಿಸಿದ್ದಾರೆ. ಏರು ರಸ್ತೆಯಲ್ಲಿ ಸುಟ್ಟ ಪೆಟ್ರೋಲು ಚಾಲಕನ ಅಲಕ್ಷ್ಯವಲ್ಲ. ಸೋಸುಕ ಬದಲಿಸಲು ಹಣ ಕೇಳಿದಾಗ ಕೊಡದೆ ಇದ್ದದ್ದೂ ಅವನ ತಪ್ಪಲ್ಲ. ಆದರೆ ಹಣ ಕೇಳಿದ್ದಕ್ಕೆ ಬರವಣಿಗೆ ಇರಬೇಕು.

ನಾವು ಮಾಡತಕ್ಕದ್ದು

ಗಾಡಿ ಓಡಿಸುವ ಸೋದರರಿಗೆ ನನ್ನ ವಿನಂತಿ ಇಷ್ಟು.

ಒಂದು, ಇಪ್ಪತ್ತು ರೂಪಾಯಿಯ ಒಂದು ನೋಟುಬುಕ್ಕು ಕೊಳ್ಳಿರಿ. ತಾರೀಕು, ಕಿಲೋಮೀಟರು, ಹಾಕಿಸಿದ ಲೀಟರು, ಹೋದ ಜಾಗ, ಕಾದು ನಿಂತ ಹೊತ್ತು, ಇವನ್ನು ದಿನವೂ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ.

ಎರಡು, ತಿಂಗಳಿಗೊಮ್ಮೆ ಬಾಯಿವರೆಗೆ ತುಂಬಿಸಿ, ಅದೇ ಪಂಪಿನಲ್ಲಿ ಮತ್ತೆ ಬಾಯಿವರೆಗೆ ತುಂಬಿಸಿ ಲೆಕ್ಕ ಹಾಕಿರಿ. ಇನ್ನೂರು ರೂಪಾಯಿಯ ಪೆಟ್ರೋಲು ಹಾಕಿಸಿ ಮುಳ್ಳು ನೋಡಿ ಹೇಳುವ ಲೆಕ್ಕ ಲೆಕ್ಕವೇ ಅಲ್ಲ.

ಮೂರು, ಹದಿನೈದು ದಿನಕ್ಕೊಮ್ಮೆ ಚಕ್ರದ ಗಾಳಿ ನೋಡಿಸಿರಿ. ಗಾಡಿ ನಿಲ್ಲಿಸಿದ ಮೇಲೆ ಚಕ್ರದ ನಡುವನ್ನು ಕೈಯಿಂದ ಮುಟ್ಟಿ ನೋಡಿರಿ. ಒಂದು ಮಾತ್ರ ಬಿಸಿಯಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಎಂದು ತಿಳಿಯಿರಿ.

ನಾಲ್ಕು, ಸುಮ್ಮನೆ ಕಾಯುವಾಗ ಎಂಜಿನು ನಿಲ್ಲಿಸಿರಿ. ಇಳಿಜಾರಿನಲ್ಲಿ ಮಾತ್ರ ಪೆಟ್ರೋಲು ಉಳಿಸುತ್ತೇನೆಂದು ಎಂಜಿನು ನಿಲ್ಲಿಸುವುದಾಗಲಿ, ಗೇರು ತಪ್ಪಿಸಿ ಬಿಡುವುದಾಗಲಿ ಎಂದಿಗೂ ಬೇಡ. ಒಂದು ಲೋಟ ಎಣ್ಣೆಗಾಗಿ ಪ್ರಾಣ ಕೊಡಬಾರದು.

ಐದು, ದುರಸ್ತಿಗೆ ಹಣ ಕೇಳುವಾಗ ಬಾಯಿಮಾತಿನಲ್ಲಿ ಕೇಳಿ ಬಿಟ್ಟುಬಿಡಬೇಡಿರಿ. ಚೀಟಿ ಬರೆದು ಕೊಟ್ಟು, ಅದರ ನಕಲು ಇಟ್ಟುಕೊಳ್ಳಿರಿ. ಈಗ ಎಲ್ಲರ ಕೈಯಲ್ಲಿ ಫೋನು ಇದೆ. ಒಂದು ಫೋಟೋ ತೆಗೆದಿಟ್ಟರೂ ಸಾಕು.

ನಮ್ಮ ಕೆಲವು ಗೆಳೆಯರು ಭವಿಷ್ಯನಿಧಿಯ ಹಣದಿಂದ ಒಂದು ಹಳೆಯ ಪದ್ಮಿನಿಯನ್ನೋ ಮಾರುತಿಯನ್ನೋ ಕೊಂಡು ಊರಲ್ಲಿ ಓಡಿಸಬೇಕೆಂದಿದ್ದಾರೆ. ಅವರಿಗೂ ಒಂದು ಮಾತು. ಬರೀ ಮೈಲೇಜು ಕೇಳಿ ಕೊಳ್ಳಬೇಡಿರಿ. ಹದಿನೈದು ವರ್ಷ ದಾಟಿದ ಸ್ವಂತದ ಕಾರಿಗೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸಬೇಕು. ಅದರ ಫೀಸು 2022ರ ಏಪ್ರಿಲಿನಿಂದ 5,000 ರೂಪಾಯಿ ಆಯಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿಸಿದರು. ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ರಿಜಿಸ್ಟರ್ ಮಾಡಿಸಿದರೆ ಅದರಲ್ಲಿ ದಿನದ ಓಡಾಟವನ್ನಾಗಲಿ ಬಾಡಿಗೆಯನ್ನಾಗಲಿ ಮಾಡುವಂತಿಲ್ಲ. ತುಕ್ಕು, ಬಿಡಿಭಾಗ, ಮೆಕ್ಯಾನಿಕನ ಕೂಲಿ ಎಲ್ಲ ಸೇರಿಸಿ, ಕಿಲೋಮೀಟರಿಗೆ ಎಷ್ಟಾಯಿತೆಂದು ನೋಡಿ ಆಮೇಲೆ ಕೈಹಾಕಿರಿ.

ತಿರುವನಂತಪುರದ ಆ ತಮ್ಮ ಈಗಲೂ ಅದೇ ಗಾಡಿ ಓಡಿಸುತ್ತಿದ್ದಾನೆ. ನೋಟುಬುಕ್ಕು ಗಾಡಿಯ ಒಳಗೇ ಇರುತ್ತದೆ. ತಿಂಗಳ ಕೊನೆಗೆ ಮಾಲಕರೂ ಅದರ ಕೆಳಗೆ ಸಹಿ ಹಾಕುತ್ತಾರೆ. ಈ ಏರ್ಪಾಡು ಇಲ್ಲಿಯ ನಮ್ಮ ಸದಸ್ಯರಿಗೂ ಆಗಬೇಕೆಂದು ಸಂಘ ಯೋಚಿಸಿದೆ. ನೋಟುಬುಕ್ಕಿನಲ್ಲಿ ಮನೆ ಎಳೆಯುವ ಕ್ರಮ, ಲೆಕ್ಕ ಹಾಕುವ ಕ್ರಮ ತಿಳಿಯದವರು ಬುಧವಾರ ರಾತ್ರಿ ಒಂಬತ್ತರ ಮೇಲೆ ಇಲ್ಲಿಗೆ ಬನ್ನಿರಿ; ಮಾಸ್ತರರೂ ನಾನೂ ಇರುತ್ತೇವೆ. ಯಾರ ಪಗಾರದಲ್ಲಾದರೂ ಪೆಟ್ರೋಲಿನ ಹೆಸರಿನಲ್ಲಿ ಈಗಾಗಲೇ ಮುರಿತವಾಗಿದ್ದರೆ ಚೀಟಿಗಳನ್ನು ಜೊತೆಗೆ ತನ್ನಿರಿ.